ಔಷಧಿಯೆಂದು ಹೊರಗೆ ಬಂದ ಬೀಸುವ ಕಲ್ಲು

ರೋಗಿಯ ಪಾತ್ರ ಮಾಡಲು ನನ್ನನ್ನು ಕೂಡಿಸಿದ್ದರು. ಜತ್ತದ ಹಳೆಯ ಧರ್ಮಶಾಲೆಯ ಹಿಂದಿನ ಖೋಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಾನು ನೆಲ ನೋಡುತ್ತಿದ್ದೆ. ಎದುರಿಗೆ ಹಿರಿಯ ನರ್ಸಬಾಯಿ ಕೂತಿದ್ದರು. ಅವರು ಕೇಳಬೇಕಾಗಿದ್ದದ್ದು ಒಂದೇ ಮಾತು: ಇವತ್ತು ಎದ್ದಾಗಿನಿಂದ ಏನೇನು ಮಾಡಿದಿರಿ? ನಾನು ಉತ್ತರ ಕೊಡಬಾರದು. ಅವರು ನನ್ನ ಮೌನವನ್ನು ತಡೆದುಕೊಂಡು ಕಾಯಬೇಕು. ಅವತ್ತಿನ ಪಾಠ ಅಷ್ಟೇ.

ನರ್ಸಬಾಯಿ ಒಂದು ಉಸಿರಿನಷ್ಟೂ ಕಾಯಲಿಲ್ಲ. “ಏನವ್ವಾ, ಹಿಂಗ ಮಾರಿ ಸಣ್ಣದ ಮಾಡಿಕೊಂಡು ಕುಂತ್ರ ಹೆಂಗ? ದೇವರು ಅದಾನ. ಒಂದ ವಾಟಿ ಚಾ ಕುಡಿ, ಎಲ್ಲಾ ಚಲೋ ಆಗ್ತದ,” ಎಂದು ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದರು. ನನಗೆ ನಗು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಕಿರಿಯ ನರ್ಸಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂಲೆಯ ಖುರ್ಚಿಯಲ್ಲಿ ಕೂತಿದ್ದ ಡಾಕ್ಟರರು ಮಾತ್ರ ನಗಲಿಲ್ಲ. ಅವರ ಬಶಿಯಲ್ಲಿ ಆರಿಹೋದ ಚಹಾದ ಮೇಲೆ ಕೆನೆ ಕಟ್ಟಿತ್ತು.

ಸಮಾಧಾನ ಹೇಳಬಾರದು, ಉಪದೇಶ ಮಾಡಬಾರದು, ಬರೀ ಕೇಳಬೇಕು ಎಂದು ಅವರು ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಂದೆ.

“ಸಾಹೇಬ್ರಿಗೆ ಹೇಳ್ರಿ ಅಕ್ಕಾರ,” ಎಂದರು ಹಿರಿಯ ನರ್ಸಬಾಯಿ. “ನನ್ನ ಜಲ್ಮೆಲ್ಲಾ ಬಾಣಂತನದಾಗ ಹೋಗೇದ. ಬಾಯಿ ಮುಚ್ಚಿಕೊಂಡು ಕುಂತ್ರ ಯಾರ ಕೂಸೂ ಹೊರಗ ಬಂದಿಲ್ಲ.”

ಇದನ್ನು ಮರಾಠಿಯಲ್ಲಿ ಹೇಳಿದಾಗ ಡಾಕ್ಟರರ ತುಟಿಯ ತುದಿ ಸ್ವಲ್ಪ ಅಲುಗಿತು.

ನಾನು ಅಲ್ಲಿಗೆ ಬಂದದ್ದು ಹೀಗೆ ಮಾತು ದಾಟಿಸಲಿಕ್ಕೆ. ಎಪ್ಪತ್ತರ ದಶಕದ ನಡುಗಾಲ ಅದು. ಒಂದು ಧರ್ಮಾರ್ಥ ಸಂಸ್ಥೆ ತಿಂಗಳಿಗೊಮ್ಮೆ ಮರಾಠಿ ಸೀಮೆಯ ಗಡಿಯೂರಾದ ನಮ್ಮ ಜತ್ತದಲ್ಲಿ ಮನಸ್ಸಿನ ಕಾಯಿಲೆಯ ದವಾಖಾನೆ ನಡೆಸಲು ಶುರು ಮಾಡಿತ್ತು. ಸಾಂಗಲಿ ಕಡೆಯಿಂದ ಬರುವ ಡಾಕ್ಟರರಿಗೆ ಮರಾಠಿ, ಇಂಗ್ಲಿಷ್ ಬಿಟ್ಟರೆ ಬೇರೆ ತಿಳಿಯದು. ಅವರ ಪಾಠಗಳು ಇಂಗ್ಲಿಷಿನಲ್ಲಿ ಟೈಪಾಗಿದ್ದವು. ನರ್ಸುಗಳು ಹೋಗಬೇಕಾದ ಉಟಗಿ, ಬಾಲಗಾಂವ ಕಡೆಯ ಮನೆಗಳ ಹೆಂಗಸರು ಸಂತೆಯಲ್ಲಿ, ಕಚೇರಿಯಲ್ಲಿ ಮರಾಠಿ ಆಡಿದರೂ ಸಂಕಟ ತೋಡಿಕೊಳ್ಳುವುದು ಕನ್ನಡದಲ್ಲಿ. ಕಾನ್ವೆಂಟಿನಲ್ಲಿ ಓದಿದ, ಮಧ್ಯಾಹ್ನ ಬಿಡುವಿರುವ ಗೃಹಿಣಿ ಯಾರಿದ್ದಾರೆಂದು ವಿಚಾರಿಸುತ್ತ ಸಂಸ್ಥೆಯವರು ನಮ್ಮ ಮನೆಗೆ ಬಂದರು. ಕಾಳುಕಡಿ ಅಂಗಡಿಯಿಂದ ಊಟಕ್ಕೆ ಬಂದಿದ್ದ ನಮ್ಮ ಯಜಮಾನರು ಎಲ್ಲವನ್ನೂ ಕೇಳಿ ಕೈ ತೊಳೆಯುತ್ತ ಅಂದರು: “ಹೋಗಿ ಬಾ. ಸಂಜಿಕ ಲಗೂನ ಬಂದಬಿಡು ಮತ್ತ. ತಡಾ ಮಾಡಿದ್ರ ಅಲ್ಲೇ ಇಟಗೊಂಡಾರು.”

ಮನೆಯವರ ಅಂಜಿಕೆಯೆಲ್ಲ ಆ ಒಂದು ಚೇಷ್ಟೆಯಲ್ಲಿತ್ತು. ಮನಸ್ಸು ಕುಸಿದವರಿಗೆ ಆಗ ನಮ್ಮ ಕಡೆ ಇದ್ದದ್ದು ತಾಯಿತ, ಹರಕೆ, ಇಲ್ಲವೇ ದೂರದ ಪಟ್ಟಣದಲ್ಲಿ ತಲೆಗೆ ಕರೆಂಟು. ಡಾಕ್ಟರರು ಮಾತ್ರೆ ಕೊಡುತ್ತಿದ್ದರು. ಆದರೆ ಮಾತ್ರೆ ಮುಗಿದ ದಿನ ಬಸ್ಸು ಬರುತ್ತಿರಲಿಲ್ಲ, ಬಸ್ಸು ಬಂದ ದಿನ ಕರೆತರುವ ಗಂಡಸು ಮನೆಯಲ್ಲಿ ಇರುತ್ತಿರಲಿಲ್ಲ. ಅದಕ್ಕೇ ಅವರು ಪರದೇಶದಲ್ಲಿ ಹೊಸದಾಗಿ ನಡೆಯುತ್ತಿದ್ದ ಒಂದು ರೀತಿಯನ್ನು ನರ್ಸುಗಳಿಗೆ ಕಲಿಸಬೇಕೆಂದಿದ್ದರು. ಮನಸ್ಸು ಚಲೋ ಆದ ಮೇಲೆ ಏಳುತ್ತೇನೆ ಎಂದು ರೋಗಿ ಮಲಗಿರುತ್ತಾಳೆ. ಮಲಗಿದಷ್ಟೂ ಮನಸ್ಸು ಕೆಳಗೆ ಇಳಿಯುತ್ತದೆ. ಇದನ್ನು ಹಿಂದುಮುಂದು ಮಾಡಬೇಕು. ಮೊದಲು ಒಂದು ಚಿಕ್ಕ ಕೆಲಸ, ಮನಸ್ಸು ಒಲ್ಲೆನೆಂದರೂ. ಮನಸ್ಸು ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

ಕೇಳಲು ಸುಲಭ, ಕಲಿಸಲು ಅಲ್ಲ. ಮೊದಲು ರೋಗಿಯ ಒಂದು ದಿನವನ್ನು ಬಿಡಿಬಿಡಿಯಾಗಿ ಕೇಳಬೇಕು. ಗಡಿಯಾರ ಇಲ್ಲದ ಮನೆಗಳಲ್ಲಿ ಕೋಳಿ ಕೂಗಿದಾಗ, ಕುರಿ ಮೇಯಲು ಹೊರಟಾಗ, ಎಸ್‌ಟಿ ಬಸ್ಸು ದಾಟಿದಾಗ, ಕುರಿ ತಿರುಗಿ ಬಂದಾಗ ಎಂದು ದಿನವನ್ನು ಕತ್ತರಿಸಿಕೊಂಡೆವು. ಒಂದೊಂದು ಹೊತ್ತಿನಲ್ಲೂ ಏನು ಮಾಡುತ್ತಿದ್ದಿರಿ, ಆಗ ಎದೆ ಭಾರವಿತ್ತೋ ಸ್ವಲ್ಪ ಹಗುರವಿತ್ತೋ ಎಂದು ವಿಚಾರಿಸಬೇಕು. ಹಗುರವಾದ ಹೊತ್ತು ಎಲ್ಲಿದೆಯೆಂದು ನೋಡಿ, ಅದರ ಪಕ್ಕದಲ್ಲಿ ಒಂದು ಕೆಲಸ ಹಚ್ಚಬೇಕು. ಎಷ್ಟು ಚಿಕ್ಕದೆಂದರೆ, ಮಾಡದೆ ಇರುವುದೇ ಕಷ್ಟ ಅನ್ನುವಷ್ಟು ಚಿಕ್ಕದು. ಮುಂದಿನ ಸಲ ಹೋದಾಗ ಆಯಿತೇ ಎಂದು ಕೇಳಬೇಕು. ಆಗದಿದ್ದರೆ ಗದರಬಾರದು, ಕೆಲಸವನ್ನು ಇನ್ನೂ ಚಿಕ್ಕದು ಮಾಡಬೇಕು.

ನರ್ಸುಗಳು ಎಲ್ಲಕ್ಕಿಂತ ಹೆಚ್ಚು ಹಿಂಜರಿದದ್ದು ಕೊನೆಯ ಪ್ರಶ್ನೆಗೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ರೋಗಿಯನ್ನು ಬಾಯಿಬಿಟ್ಟು ಕೇಳಬೇಕಾಗಿತ್ತು.

“ಅದನ್ನ ಕೇಳಿದ್ರ ಮರ್ತದ್ದನ್ನ ನೆಪ್ಪ ಮಾಡಿಕೊಟ್ಟಂಗ ಆಗ್ತದಲ್ರಿ,” ಎಂದಳು ಕಿರಿಯ ನರ್ಸಬಾಯಿ.

ಆ ಯೋಚನೆಯನ್ನು ಯಾರೂ ಮರೆತಿರುವುದಿಲ್ಲ, ಕೇಳುವವರು ಸಿಗದೆ ಒಳಗೇ ಇಟ್ಟುಕೊಂಡಿರುತ್ತಾರೆ ಎಂದರು ಡಾಕ್ಟರರು. ಅದನ್ನು ಕನ್ನಡದಲ್ಲಿ ಹೇಳಲು ನಾನು ಎರಡು ಸಲ ಶುರು ಮಾಡಬೇಕಾಯಿತು. ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಇಂಥ ಮಾತುಗಳು ಬಂದಿರಲಿಲ್ಲ. ನಮ್ಮ ಮನೆಯ ಕನ್ನಡದಲ್ಲಿ ಬಂದಿದ್ದರೂ ಯಾರೂ ಅದನ್ನು ಪ್ರಶ್ನೆಯ ರೂಪದಲ್ಲಿ ಆಡಿರಲಿಲ್ಲ.

ಕಿರಿಯ ನರ್ಸಬಾಯಿಗೆ ಮೊದಲು ಸಿಕ್ಕವಳು ಉಟಗಿಯ ಆಚೆ ಹೊಲಗಳ ನಡುವೆ ನಾಲ್ಕಾರು ಮನೆಗಳ ಒಂದು ವಸ್ತಿಯ ಸೊಸೆ. ಕುರಿ ಸಾಕುವ ಮನೆ. ಹಿಂದಿನ ಮಳೆಗಾಲದಲ್ಲಿ ಆಕೆಯ ಎಳೆಗೂಸು ತೀರಿಕೊಂಡಿತ್ತು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಕರೆದರೆ ಏಳುತ್ತಾಳೆ, ಬಡಿಸಿದ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಬಿಡುತ್ತಾಳೆ ಎಂದು ನರ್ಸಬಾಯಿ ವರದಿ ತಂದಳು. ಅತ್ತೆ ಒಂದು ಗಡುವು ಹಾಕಿದ್ದಳು. ಯುಗಾದಿಯೊಳಗೆ ಸೊಸೆ ಮೊದಲಿನಂತಾದರೆ ಸರಿ, ಇಲ್ಲದಿದ್ದರೆ ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುವುದು. ಶೇಗಾಂವದಲ್ಲಿ ಹುಡುಗಿಯನ್ನು ನೋಡಿಯೂ ಬಂದಿದ್ದರು.

“ಯುಗಾದಿ ಇನ್ನೂ ದೂರ ಅದ. ಎಬ್ಬಸ್ತೀನಿ ನೋಡ್ರಿ,” ಎಂದಳು ಕಿರಿಯ ನರ್ಸಬಾಯಿ. ಆಕೆಗೂ ಆಗಷ್ಟೇ ಮದುವೆಯಾಗಿತ್ತು.

ವಾರಕ್ಕೊಮ್ಮೆ ಹೋಗಿ ಬಂದು ಹೇಳುವಳು. ಈಗ ಕೋಳಿ ಕೂಗುವುದಕ್ಕೆ ಮುಂಚೆ ಏಳುತ್ತಾಳೆ. ಅಂಗಳ ಗುಡಿಸುತ್ತಾಳೆ. ನೀರು ತರುತ್ತಾಳೆ. ಸಗಣಿಯ ಕುಳ್ಳು ತಟ್ಟುತ್ತಾಳೆ. ಒಂದೊಂದು ವಾರಕ್ಕೆ ಒಂದೊಂದು ಕೆಲಸ ಕೂಡುತ್ತ ಹೋಯಿತು. ಡಾಕ್ಟರರ ಮುಖ ಅರಳಿತು. ಮುಂದಿನ ತಿಂಗಳು ಬೇರೆ ತಾಲೂಕುಗಳಿಂದ ಹೊಸ ನರ್ಸುಗಳು ತರಬೇತಿಗೆ ಬರುವವರಿದ್ದರು, ಅವರಿಗೆ ಈ ಸೊಸೆಯ ಕಥೆಯನ್ನೇ ಮೊದಲ ಪಾಠ ಮಾಡೋಣ ಅಂದರು. ನಾನೂ ಮನೆಗೆ ಹೋಗಿ ಯಜಮಾನರ ಮುಂದೆ ಹೇಳಿಕೊಂಡಿದ್ದೆ.

ಹೊಸ ನರ್ಸುಗಳು ಬಂದ ದಿನವೇ ದವಾಖಾನೆಯೂ ಇತ್ತು. ಅತ್ತೆ ಆ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಧರ್ಮಶಾಲೆಯ ಪಡಸಾಲೆಯಲ್ಲಿ, ಕಂಬದ ಹಿಂದೆ, ಅತ್ತೆಗೆ ಅರ್ಧ ಮರೆಯಾಗಿ ಕೂತಿದ್ದಳು. ಸೀರೆ ಮೈಮೇಲೆ ನಿಲ್ಲದೆ ಜಾರುತ್ತಿತ್ತು, ಒಳಗೆ ಹಿಡಿಯಲು ಮೈಯೇ ಇಲ್ಲದಂತೆ. ಎಡಗೈಯಲ್ಲಿ ಹಸಿರು ಬಳೆ ಇದ್ದವು. ಬಲಗೈಯಲ್ಲಿ ಒಂದೂ ಇರಲಿಲ್ಲ. ಹುಬ್ಬಿನ ಕೂದಲಲ್ಲಿ, ಕಿವಿಯ ಮಡಿಕೆಯಲ್ಲಿ ಬಿಳಿಯ ಪುಡಿ ಕೂತಿತ್ತು.

ಅಡುಗೆಮನೆಯಲ್ಲಿ ದಿನ ಕಳೆಯುವವಳಿಗೆ ಅದು ಹಿಟ್ಟೆಂದು ಗೊತ್ತಾಗಲು ಹತ್ತಿರ ಹೋಗಬೇಕಾಗಿರಲಿಲ್ಲ. ಆದರೆ ಉಟಗಿಯಲ್ಲಿ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಈಗ ಬೀಸುವವರು ಯಾರು?

“ಆಯಿ, ನಿಮ್ಮ ಕಡೆ ಗಿರಣಿ ಬಂದ್ ಬಿದ್ದೇದೇನ್ರಿ?” ಎಂದು ಅತ್ತೆಯ ಪಕ್ಕದಲ್ಲಿ ಕೂತು ಕೇಳಿದೆ.

“ಇಲ್ಲಬೇ, ಚಾಲೂನ ಐತಿ,” ಎಂದಳು ಮುದುಕಿ. “ನರ್ಸಬಾಯಿ ಕೆಲಸ ಹಚ್ರಿ ಅಂದ್ಲಲ್ಲ. ಮನ್ಯಾಗ ಎಷ್ಟ ಕೆಲಸ ಇರತಾವ ಹೇಳು, ಹೊತ್ತ ಏರೂದ್ರಾಗ ಮುಗೀತಾವ. ಅದಕ್ಕ ಕೊಟಿಗ್ಯಾಗಿನ ಬೀಸೂ ಕಲ್ಲ ಹೊರಗ ತಗಸೀವಿ. ನಾಕ ಮಂದಿ ಹಿಡದ ಎತ್ತಬೇಕಾತು. ಔಷಧಿ ಅಂದ ಮ್ಯಾಲ ಕಡಿಮಿ ಬಿದ್ರ ಹೆಂಗ? ದಿನಾ ಬೀಸಸ್ತೀನಿ.”

ಸೊಸೆ ಅಂಗೈಗಳನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆರಳ ಸಂದಿಯಲ್ಲಿ ಒಡೆದ ಬೊಬ್ಬೆಯ ತೊಗಲು ಕಾಣುತ್ತಿತ್ತು. ಕಲ್ಲಿನ ಗೂಟಕ್ಕೆ ಬಡಿದು ಬಲಗೈಯ ಬಳೆಗಳು ಒಡೆದಿರಬೇಕು. ನಮ್ಮಲ್ಲಿ ಮುತ್ತೈದೆಯ ಕೈ ಬರಿದಾದರೆ ಅವತ್ತೇ ಬಳೆಗಾರನಿಗೆ ಹೇಳಿಕಳಿಸುತ್ತಾರೆ. ಈ ಕೈ ಬರಿದಾಗಿ ಎಷ್ಟು ದಿನವಾಗಿತ್ತೋ, ಆ ಮನೆಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಅಥವಾ ಕಂಡಿತ್ತು, ಇನ್ನು ಹಾಕಿಸಿ ಏನು ಮಾಡುವುದೆಂದು ಬಿಟ್ಟಿದ್ದರು.

ಅಷ್ಟರಲ್ಲಿ ಒಳಗೆ ಕರೆದರು. ಹೊಸ ನರ್ಸುಗಳು ಚಾಪೆಯ ಮೇಲೆ ಕೂತಿದ್ದರು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಜಡೆಗಳು, ಇಸ್ತ್ರಿಯ ಬಿಳಿ ಸೀರೆಗಳು. ಡಾಕ್ಟರರು ಇಂಗ್ಲಿಷಿನಲ್ಲಿ ಶುರು ಮಾಡಿದರು. ಉಟಗಿ ಕಡೆಯ ಒಬ್ಬ ಹೆಣ್ಣುಮಗಳು, ಕೂಸನ್ನು ಕಳೆದುಕೊಂಡವಳು, ಹಾಸಿಗೆ ಹಿಡಿದವಳು, ನಮ್ಮ ನರ್ಸಿನ ಕೈಯಲ್ಲಿ ಇಷ್ಟು ವಾರಗಳಲ್ಲಿ ಎದ್ದು ಮನೆಗೆಲಸ ಎಲ್ಲ ಮಾಡುತ್ತಿದ್ದಾಳೆ. ಹೇಳಿ ನನ್ನ ಕಡೆ ನೋಡಿದರು.

ನಾನು ಬಾಗಿಲಾಚೆಯ ಕಂಬದ ಕಡೆ ನೋಡುತ್ತಿದ್ದೆ.

“ವಹಿನಿ?” ಎಂದರು. ಅತ್ತಿಗೆ ಎಂಬ ಅರ್ಥದಲ್ಲಿ ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು.

ಇದನ್ನು ನಾನು ಇವರಿಗೆ ಹೇಳಲಾರೆ ಎಂದೆ. ಕಾರಣವನ್ನೂ ಹೇಳಿದೆ. ಆ ಹೆಂಗಸು ಹೊರಗೆ ಕಂಬದ ಹಿಂದೆ ಕೂತಿದ್ದಾಳೆ, ನೀವು ಮೊದಲು ಆಕೆಯ ಅಂಗೈ ನೋಡಿ ಬನ್ನಿ, ಆಮೇಲೂ ಹೇಳಬೇಕೆಂದರೆ ಬೇರೆ ಯಾರನ್ನಾದರೂ ಕರೆಸಿಕೊಳ್ಳಿ.

ಡಾಕ್ಟರರು ಎದ್ದು ಹೋದರು. ತಿರುಗಿ ಬಂದಾಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಹೊಸಬರನ್ನು ಹೊರಗೆ ಕಳಿಸಿ, ಕಿರಿಯ ನರ್ಸಬಾಯಿಯನ್ನು ಮೆತ್ತಗೆ ಕೇಳಿದರು. ಆ ಕೆಲಸಗಳನ್ನು ಆರಿಸಿದವರು ಯಾರು?

“ಅತ್ತಿ,” ಎಂದಳು ಆಕೆ.

ರೋಗಿಯನ್ನು ಒಬ್ಬಳನ್ನೇ ಕೂಡಿಸಿ ಕೇಳಲಿಲ್ಲವೇ?

ಆಕೆ ನನ್ನ ಕಡೆ ತಿರುಗಿ ಅಳುತ್ತ ಹೇಳಿದಳು. “ಹೆಂಗ ಕೇಳ್ಬೇಕ್ರಿ ಅಕ್ಕಾರ? ನಾ ಹೋದಕೂಡ್ಲೆ ಕಟ್ಟಿಮ್ಯಾಲ ಕಂಬಳಿ ಹಾಸ್ತಾರ. ಅತ್ತಿ ಎದರಿಗೆ ಕುಂದರತಾರ. ಸೊಸಿ ಚಾ ತಂದಿಟ್ಟು ಒಳಗ ಹೋಗ್ತಾಳ. ಬಂದ ಪಾವ್ಣ್ಯಾರು ಹಿರೇರನ್ನ ಬಿಟ್ಟು ಸೊಸಿ ಕೂಡ ಒಲಿಮುಂದ ಹೋಗಿ ಕುಂತ್ರ ಆ ಮನಿಗೆ ಎಂಥಾ ಅಪಮಾನರಿ. ನಾನೂ ಒಬ್ಬರ ಸೊಸಿನ ಅದೀನಿ. ನಮ್ಮ ಮನ್ಯಾಗ ಯಾರರ ಹಂಗ ಮಾಡಿದ್ರ ಮರುದಿನ ನನ್ನ ಗತಿ ಏನು?”

ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದೂ ಅದೇ. ಟೈಪಾದ ಹಾಳೆಗಳಲ್ಲಿ ರೋಗಿಯನ್ನು ಕೇಳಿ ಅಂತಿತ್ತು. ರೋಗಿಗೂ ನರ್ಸಿಗೂ ನಡುವೆ ಕಂಬಳಿ ಹಾಸಿದ ಒಂದು ಕಟ್ಟೆ ಇರುತ್ತದೆಂದು ಅದನ್ನು ಬರೆದವರಿಗೆ ಹೇಗೆ ಗೊತ್ತಾಗಬೇಕು.

“ಆ ಕಡೀ ಪ್ರಶ್ನಿ ಕೇಳಿದ್ದೇನ?” ಎಂದರು ಹಿರಿಯ ನರ್ಸಬಾಯಿ. ಕಿರಿಯವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅವತ್ತಿನ ಪಾಠ ನಿಂತಿತು. ಡಾಕ್ಟರರು ಸಂಸ್ಥೆಯ ಜೀಪು ಹೊರಡಿಸಿದರು. ಅತ್ತೆ, ಸೊಸೆ, ಇಬ್ಬರು ನರ್ಸುಗಳು, ನಾನು ಹಿಂದೆ ಒತ್ತೊತ್ತಾಗಿ ಕೂತೆವು. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳು, ಬೂದು ಕೂಳೆಗಳು. ಜೀಪು ಕುಲುಕಿದಾಗಲೆಲ್ಲ ಸೊಸೆಯ ತಲೆ ಕಂಬಿಗೆ ಬಡಿಯುತ್ತಿತ್ತು. ಕೈ ಹಿಡಿದುಕೊಳ್ಳಬೇಕೆಂದೂ ಆಕೆಗೆ ಅನ್ನಿಸುತ್ತಿರಲಿಲ್ಲ. ಹಿರಿಯ ನರ್ಸಬಾಯಿ ತಮ್ಮ ಅಂಗೈಯನ್ನು ಕಂಬಿಗೂ ಆ ತಲೆಗೂ ನಡುವೆ ಇಟ್ಟರು.

ವಸ್ತಿಯಲ್ಲಿ ಬೀಸುವ ಕಲ್ಲು ಪಡಸಾಲೆಯ ನಡುವೆ ಇತ್ತು, ಸುತ್ತ ಹಿಟ್ಟಿನ ಬಳೆಯಾಕಾರದ ಗೆರೆ. ಡಾಕ್ಟರರು ಗಂಡಸರಾದ್ದರಿಂದ ಬೇವಿನ ಕೆಳಗೇ ಉಳಿದರು. ಹಿರಿಯ ನರ್ಸಬಾಯಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, “ಇಕಿ ಹೊಟ್ಟಿ ನೋಡಬೇಕಾಗೇದ, ಯಾರೂ ಒಳಗ ಬರಬ್ಯಾಡ್ರಿ,” ಎಂದು ಸೊಸೆಯ ರಟ್ಟೆ ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಸೂಲಗಿತ್ತಿ ಹಾಗೆ ಹೇಳಿದರೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ. ನನ್ನ ಪಾಲಿಗೆ ಕಟ್ಟೆಯ ಕಂಬಳಿ ಬಂತು, ಎದುರಿಗೆ ಅತ್ತೆ.

ಒಳಗಿನ ಮಾತು ಹೊರಗೆ ಕೇಳದಂತೆ ಏನಾದರೂ ಆಡುತ್ತಿರಬೇಕಾಗಿತ್ತು. ಸೊಸೆಯ ಮೇಲೆ ನಿಮಗೆ ಕಾಳಜಿ ಇದೆ, ಅದಕ್ಕೇ ಕಲ್ಲು ತೆಗೆಸಿದಿರಿ ಎಂದೆ. ಮುದುಕಿ ನನ್ನನ್ನು ದಿಟ್ಟಿಸಿ ನೋಡಿದಳು.

“ತಂಗಿ, ನೀ ಓದಿದಾಕಿ. ನಾನೂ ಕೂಸ ಹುಗದೀನಿ. ಒಂದಲ್ಲ. ಹುಗದ ಮರುದಿನ ಕುರಿ ಹಿಂದ ಹೋಗೀನಿ, ಎದಿ ಕಟ್ಟಿ ಹಾಲ ಸೀರೀಗೆ ಸೋರತಿತ್ತು. ಆವಾಗ ಯಾವ ನರ್ಸೂ ಬರಲಿಲ್ಲ, ಜೀಪೂ ಬರಲಿಲ್ಲ. ನಾ ಎದ್ದೆ. ಇಕಿ ಯಾಕ ಏಳವಲ್ಲಳು?”

ಆಕೆಯ ಕಣ್ಣಲ್ಲಿ ನೀರಿರಲಿಲ್ಲ, ಕೆಳದವಡೆ ಮಾತ್ರ ತಂಬಾಕಿನ ಮಿಶ್ರಿ ಹಚ್ಚಿದ ಹಲ್ಲು ಮಸೆಯುವಂತೆ ಅತ್ತಿಂದಿತ್ತ ಆಡುತ್ತಿತ್ತು. ಮೌನವನ್ನು ತಡೆದುಕೊಂಡು ಕಾಯುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು.

ಬಹಳ ಹೊತ್ತಿನ ಮೇಲೆ ಹಿರಿಯ ನರ್ಸಬಾಯಿ ಹೊರಬಂದು ನನ್ನನ್ನು ಬೇವಿನ ಕಡೆಗೆ ಕರೆದರು. ಡಾಕ್ಟರರಿಗೆ ಹೇಳಲು ನನಗೆ ಹೇಳಿದರು, ನಾನು ಅವರಿಗೆ ದಾಟಿಸಿದೆ.

“ಕೇಳಿದೆ. ನೀರಿಗೆ ಹೋದಾಗ ಬಾವ್ಯಾಗ ಬಗ್ಗಿ ನೋಡತಾಳಂತ. ನೋಡಿ ನೋಡಿ ತಿರಗಿ ಬರತಾಳಂತ. ಇಷ್ಟ ದಿನ ಯಾರಿಗೂ ಹೇಳಿಲ್ಲ. ಹಗರ ಹೊತ್ತು ಯಾವದಂದ್ರ ಯಾವದೂ ಇಲ್ಲ ಅಂದ್ಲು. ಭಾಳ ಭಾರ ಯಾವದಂತ ಕೇಳಿದೆ. ಮಧ್ಯಾಹ್ನ ಅಂದ್ಲು. ಕುರಿ ಮೇಯಾಕ ಹೋದಮ್ಯಾಲ ಕುರಿದಡ್ಡ್ಯಾಗ ಮರಿ ಒದರತಾವಲ್ರಿ, ಆವಾಗ ಕಿವ್ಯಾಗ ಬೆರಳ ಇಟಗೊಂಡು ಕುಂದರತಾಳಂತ. ಮದಲ ಆ ಮರಿ ಎಲ್ಲಾ ಇಕೀನ ನೋಡತಿದ್ಲು. ಕೂಸು ಸತ್ತಾಕಿ ಎಳಿ ಮರಿ ಮುಟ್ಟಬಾರ್ದಂತ ಅತ್ತಿ ಬಿಡಿಸ್ಯಾಳ.”

ಡಾಕ್ಟರರು ಮೊದಲು ಬಾವಿಯ ವಿಷಯ ಹಿಡಿದರು. ಆಕೆಯನ್ನು ಒಬ್ಬಳನ್ನೇ ನೀರಿಗೆ ಕಳಿಸಬಾರದು, ಹಗಲಲ್ಲೂ ಒಬ್ಬಳನ್ನೇ ಬಿಡಬಾರದು ಎಂದು ಅತ್ತೆಗೆ ನೇರವಾಗಿ ಹೇಳಿಸಿದರು, ಮಾತ್ರೆ ಬದಲಿಸಿದರು. ಬಾವಿಯ ಮಾತು ಕೇಳಿ ಮುದುಕಿ ಕಂಬ ಹಿಡಿದುಕೊಂಡಳು. ಕಲ್ಲು ಅಲ್ಲಿಗೆ ನಿಂತಿತು. ಮರಿಗಳನ್ನು ಮತ್ತೆ ಸೊಸೆಯೇ ನೋಡಿಕೊಳ್ಳಲಿ ಎಂಬ ಮಾತಿಗೆ ಮಾತ್ರ ಆಕೆ ಬಗ್ಗಲಿಲ್ಲ.

“ಅದೊಂದ ಕೇಳಬ್ಯಾಡ್ರಿ. ಮರಿ ಮ್ಯಾಲ ಇಕಿ ನೆರಳ ಬಿದ್ದು ಏನರ ಆದ್ರ?”

ಅಷ್ಟರಲ್ಲಿ ಧೂಳಿನೊಂದಿಗೆ ಕುರಿಗಳು ತಿರುಗಿ ಬಂದವು, ಹಿಂದೆ ಗಂಡ. ಹೆಗಲ ಮೇಲೆ ಕಂಬಳಿ, ಮಾತು ಕಡಿಮೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು ದಡ್ಡಿಯ ಮೂಲೆಗೆ ಹೋಗಿ, ಕವುಚಿ ಹಾಕಿದ ಬುಟ್ಟಿ ಎತ್ತಿ ತೋರಿಸಿದ. ಒಳಗೆ ಒಂದು ಕರಿಯ ಮರಿ ಕಾಲು ಮಡಚಿ ಬಿದ್ದಿತ್ತು.

“ಎವ್ವಾ, ಇದನ್ನ ತಾಯಿ ಒಲ್ಲೆ ಅಂದೈತಿ. ಹತ್ರ ಹೋದ್ರ ಗುಮ್ಮತೈತಿ. ಇದು ಹೆಂಗೂ ಉಳಿಯಂಗಿಲ್ಲ. ಇದನ್ನ ಕೊಡೂಣು.”

ಮುದುಕಿ ಬೇಡವೆನ್ನದೆ ಬುಟ್ಟಿಗೆ ಬೆನ್ನು ಮಾಡಿ ಕಟ್ಟೆಗೆ ಹೋದಳು.

ಬೇವಿನ ಕೆಳಗೆ ಡಾಕ್ಟರರು ಬೇಡವೆಂದರು. ಸಾಯುವ ಜೀವಕ್ಕೆ ಈಕೆಯನ್ನು ಕಟ್ಟುವುದು ಅಪಾಯ, ಮರಿ ಸತ್ತರೆ ಮನೆಯವರ ನಂಬಿಕೆಯೇ ನಿಜವಾದಂತೆ, ಆಮೇಲೆ ಆಕೆ ನಮ್ಮ ಕೈಗೆ ಸಿಗುವುದಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಯುಗಾದಿ ಹತ್ತಿರ ಬಂದಿತ್ತು, ಆ ಮನೆಯಲ್ಲಿ ನಮಗೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆವು. ಅರಿವೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಮರಿಯ ಬಾಯಿಗೆ ಇಡುವುದು ಕೆಲಸ. ಮರಿ ಬದುಕುವುದು ಕೆಲಸವಲ್ಲ. ಈ ಮಾತನ್ನು ಗಂಡನ ಎದುರಿಗೆ, ಅತ್ತೆಯ ಎದುರಿಗೆ, ಸೊಸೆಗೆ ಹೇಳಬೇಕು, ಪ್ರತಿ ವಾರವೂ ಹೇಳಬೇಕು. ಕಿರಿಯ ನರ್ಸಬಾಯಿ ಅದನ್ನು ನಾಲಿಗೆಗೆ ಬರುವವರೆಗೆ ನನ್ನ ಮುಂದೆ ಆಡಿ ನೋಡಿದಳು. ಆಮೇಲೆ ಒಳಗೆ ಹೋಗಿ, ಈ ಸಲ ಒಲೆಯ ಮುಂದೆ ನೆಲದ ಮೇಲೆ ಕೂತಳು.

ಮುಂದಿನ ವಾರಗಳ ಸುದ್ದಿ ನಿಧಾನವಾಗಿ ಬಂತು. ಮೊದಲ ದಿನಗಳಲ್ಲಿ ಸೊಸೆ ಏಳಲೇ ಇಲ್ಲ, ಗಂಡನೇ ಹಾಲು ಕುಡಿಸಿದ. ನರ್ಸಬಾಯಿ ಗದರಲಿಲ್ಲ. ಕೆಲಸವನ್ನು ಇನ್ನೂ ಚಿಕ್ಕದು ಮಾಡಿದಳು. ಬತ್ತಿ ನೆನೆಸಿಕೊಟ್ಟರೆ ಸಾಕು. ನೆನೆಸಿಕೊಟ್ಟಳು. ಒಂದು ಮಧ್ಯಾಹ್ನ ದಡ್ಡಿಯ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಮತ್ತೊಂದು ದಿನ ಒಳಗೆ ಹೋಗಿ ಕೂತಳು, ಮರಿಯನ್ನು ಕಾಲ ಸಂದಿಯಲ್ಲಿ ಹಿಡಿದು ಬತ್ತಿ ಇಟ್ಟಳು. ಹಾಗೆ ಹೋಗುತ್ತ ತನ್ನ ರೊಟ್ಟಿಯನ್ನೂ ಅಲ್ಲಿಗೇ ಒಯ್ಯತೊಡಗಿದಳು. ಬಾವಿಯ ಪ್ರಶ್ನೆಯನ್ನು ಪ್ರತಿ ಸಲವೂ ಕೇಳುತ್ತಿದ್ದೆವು. “ನೋಡೀನಿ” ಎಂದದ್ದು ಒಂದು ವಾರ “ನೆನಪ ಬಂತು, ಹೋಗಲಿಲ್ಲ” ಎಂದಾಯಿತು. ಡಾಕ್ಟರರು ಈ ಸಲ ಸಂತೋಷ ಪಡಲಿಲ್ಲ. ಎಚ್ಚರದಿಂದ ಇರಿ ಅಂದರು.

ಯುಗಾದಿಗೆ ಮುಂಚೆ ಮರಿ ಸತ್ತಿತು. ಒಂದು ಬೆಳಿಗ್ಗೆ ಬುಟ್ಟಿ ಎತ್ತಿದರೆ ಸೆಟೆದು ಬಿದ್ದಿತ್ತು.

ನರ್ಸಬಾಯಿಗೆ ಸುದ್ದಿ ಮುಟ್ಟಿ ಆಕೆ ಓಡಿ ಹೋಗುವಷ್ಟರಲ್ಲಿ ಸೊಸೆಯ ನೆರಳಿಗೇ ಮರಿ ಸತ್ತಿತೆಂಬ ಮಾತು ಅತ್ತೆಯ ಬಾಯಿಂದ ಬಂದಾಗಿತ್ತು. ಸೊಸೆ ತಾನೇ ಗುಂಡಿ ತೋಡಿ ಮರಿಯನ್ನು ಹುಗಿದಿದ್ದಳಂತೆ. ಯಾರ ಮೇಲೂ ಕೂಗಾಡಲಿಲ್ಲವಂತೆ. “ಹಾಲ ಕುಡಿಸೀನಿ” ಎಂದಷ್ಟೇ ಅತ್ತೆಗೆ ಹೇಳಿದಳಂತೆ. ಅತ್ತೆಗೆ ಅದು ಎದುರುತ್ತರವಾಗಿ ಕೇಳಿಸಿತು. ಹಬ್ಬದ ಹೊತ್ತಿಗೆ ಗಂಡ ಆಕೆಯ ಗಂಟನ್ನು ತಲೆಯ ಮೇಲೆ ಹೊತ್ತು ಬಂದು ಅವಳ ತವರೂರು ಬಾಲಗಾಂವದ ಕಡೆಯ ಬಸ್ಸಿಗೆ ಹತ್ತಿಸಿದ. ಬಸ್ಸು ಮರೆಯಾಗುವವರೆಗೆ ನಿಂತಿದ್ದ ಎಂದು ಕಂಡವರು ಹೇಳಿದರು. ನಿಂತು ತಿರುಗಿ ಕುರಿಯ ಹಿಂದೆ ಹೋದ. ಶೇಗಾಂವದ ಹುಡುಗಿಯ ಮದುವೆ ಆ ಬೇಸಿಗೆಯಲ್ಲೇ ಆಯಿತು.

ಕಿರಿಯ ನರ್ಸಬಾಯಿ ಕೆಲಸ ಬಿಡುತ್ತೇನೆಂದಳು. “ನಾ ಮುಟ್ಟಿದ್ದೆಲ್ಲಾ ಹಿಂಗ ಆಗ್ತದ್ರಿ.” ಹಿರಿಯ ನರ್ಸಬಾಯಿ ಆಕೆಯ ಪಕ್ಕದಲ್ಲಿ ಕೂತರು. ಈ ಸಲ ದೇವರಿದ್ದಾನೆ ಎನ್ನಲಿಲ್ಲ, ಗದ್ದ ಹಿಡಿಯಲಿಲ್ಲ. ಸುಮ್ಮನೆ ಕೂತರು.

ಹೊಸ ನರ್ಸುಗಳ ಪಾಠವನ್ನು ಡಾಕ್ಟರರು ಮೊದಲಿನಿಂದ ಕಟ್ಟಿದರು. ಉಟಗಿಯ ಸೊಸೆಯ ಕಥೆಯನ್ನು ಕಲ್ಲಿನಿಂದ ಗುಂಡಿಯವರೆಗೆ ಪೂರ್ತಿ ಹೇಳಿದರು, ನಾನು ಪೂರ್ತಿ ಕನ್ನಡಕ್ಕೆ ತಂದೆ. ರೋಗಿಯನ್ನು ಒಬ್ಬಳನ್ನೇ ಕೇಳುವ ದಾರಿ ಮೊದಲು ಹುಡುಕಿ, ಕೆಲಸ ಯಾರು ಆರಿಸಿದರೆಂದು ಪ್ರತಿ ಸಲ ಕೇಳಿಕೊಳ್ಳಿ ಎಂದರು. ಒಬ್ಬಳು ಕೈ ಎತ್ತಿ ಕೇಳಿದಳು: “ಆಮ್ಯಾಲ ಆಕಿ ಏನಾದ್ಲರಿ?” ಡಾಕ್ಟರರು ನನ್ನ ಕಡೆ ನೋಡಿದರು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆ ವಾರವೇ ಕಿರಿಯ ನರ್ಸಬಾಯಿಯನ್ನು ಹೊರಡಿಸಿಕೊಂಡು ಬಾಲಗಾಂವಕ್ಕೆ ಹೋದೆ. ಬಿಸಿಲಿಗೆ ಬಸ್ಸಿನ ಸೀಟು ಸುಡುತ್ತಿತ್ತು. ತವರುಮನೆ ಊರ ಅಂಚಿನಲ್ಲಿತ್ತು, ಅಣ್ಣ ಹೊಲಕ್ಕೆ ಹೋಗಿದ್ದ. ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ಮಾತಾಡಿಸಿದಳು. ಒಳ್ಳೆಯ ಹೆಂಗಸು, ನೀರು ಕೊಟ್ಟಳು, ಕಂಬಳಿ ಹಾಸಿದಳು.

“ಹೆಂಗ ಅದಾರ?” ಎಂದಳು ನರ್ಸಬಾಯಿ.

“ಏನಂತ ಹೇಳೂದ್ರಿ ಬಾಯಾರ. ಪಾಪ, ನಾವೇನೂ ಕೆಲಸ ಹಚ್ಚಂಗಿಲ್ಲ, ಸುಮ್ಮನ ಬಿಟ್ಟೀವಿ. ಇಡೀ ದಿನ ಹಂಗ ಬಿದ್ದಿರತಾಳ. ಕೇಳಿದ್ರೂ ಮಾತಾಡಂಗಿಲ್ಲ. ಏನ ಕೇಳೂದೈತಿ ನನ್ನ ಕೇಳ್ರಿ, ನಾ ಹೇಳ್ತೀನಿ.”

ನರ್ಸಬಾಯಿ ಕಂಬಳಿಯ ಮೇಲೆ ಕೂರಲಿಲ್ಲ, ನಿಂತೇ ಇದ್ದಳು. ಒಳಗಿನ ಕತ್ತಲಲ್ಲಿ ಏನೋ ಅಲುಗಿತು.

“ವೈನಿ,” ಎಂಬ ದನಿ ಬಂತು. ಅದು ನಾನು ಅಲ್ಲಿಯವರೆಗೂ ಕೇಳಿರದ ದನಿ, ಸ್ವಲ್ಪ ಒಡಕು. “ಅವರು ನನ್ನ ಕೇಳಾಕ ಬಂದಾರ. ನಾ ಹೇಳ್ತೀನಿ.”

ಗೋಡೆ ಹಿಡಿದುಕೊಂಡು ಆಕೆ ಹೊರಗೆ ಬಂದಳು. ಕೂದಲು ಬಾಚಿರಲಿಲ್ಲ, ಮುಖ ಇನ್ನೂ ಇಳಿದಿತ್ತು. ನೇರವಾಗಿ ನರ್ಸಬಾಯಿಯ ಮುಂದೆ ಬಂದು ನೆಲದ ಮೇಲೆ ಕೂತಳು. ನರ್ಸಬಾಯಿಯೂ ಕೂತಳು. ಅಣ್ಣನ ಹೆಂಡತಿ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

“ಕೋಳಿ ಕೂಗಿದಾಗ ಎಚ್ಚರಿತ್ತು. ಏಳಾಕ ಮನಸ್ಸ ಇರಲಿಲ್ಲ. ಎದ್ದೆ,” ಎಂದಳು. “ಮಾರಿ ತೊಳಕೊಂಡೆ. ಮತ್ತ ಮಲಗಿದೆ. ಮಲಗಿದ್ರ ಅಳು ಬಂತು. ಹೊರಗ ಬಂದು ಆ ಕಟ್ಟಿಮ್ಯಾಲ ಕುಂತೆ.”

ಮಾತಿಗೂ ಮಾತಿಗೂ ನಡುವೆ ಬಹಳ ಹೊತ್ತು ಹೋಗುತ್ತಿತ್ತು. ನರ್ಸಬಾಯಿ ಅವಸರ ಮಾಡಲಿಲ್ಲ. ನಾನು ಸೆರಗಿನ ತುದಿ ಹಿಡಿದು ಕೂತಿದ್ದೆ. ಆಕೆಯ ಮಾತಿನಲ್ಲಿ ದಿನ ಇನ್ನೂ ಹೊತ್ತೇರುವವರೆಗೂ ಬಂದಿರಲಿಲ್ಲ. ಆಗ ಜತ್ತಕ್ಕೆ ಹೋಗುವ ಕೊನೆಯ ಬಸ್ಸು ಹಾರ್ನು ಹೊಡೆಯುತ್ತ ಊರು ದಾಟಿದ್ದು ಕೇಳಿಸಿತು. ನಾವಿಬ್ಬರೂ ಏಳಲಿಲ್ಲ.